ಲಾಂಡ್ರಿಯ ಹಿಂದಿನ ಮಣ್ಣು

"ಎತ್ತೇ ಸೊಂಟಾನ. ಶೀಟ್ ನೋಡು, ಕಸಾಯಿ ಅಂಗಡಿ ಮಾಡಿಟ್ಟವಳೆ ಮುಂಡೆ."

ಹಿರಿಯ ನರ್ಸ್ ಹ್ಯಾನ್ಲಿ ರಕ್ತದ ಬಟ್ಟೆಯನ್ನು ಎಳೆದ ರಭಸಕ್ಕೆ ನೋನಿಯ ಹೊಲಿಗೆ ಚುರ್ರೆಂದಿತು. ಅವಳು ಹಲ್ಲು ಕಚ್ಚಿ ಸೊಂಟ ಎತ್ತಿದಳು. ಐರ್ಲೆಂಡಿನ ಆ ಸಣ್ಣ ಪಟ್ಟಣದ ಹೆರಿಗೆ ವಾರ್ಡಿನಲ್ಲಿ ಅವಳ ಮಂಚ ಕಟ್ಟಕಡೆಗೆ, ಮಲದ ಪಾತ್ರೆ ತೊಳೆಯುವ ಕೋಣೆಯ ಬಾಗಿಲಿಗೆ ಅಂಟಿಕೊಂಡಿತ್ತು. ಪಕ್ಕದ ಮಂಚವನ್ನು ಖಾಲಿ ಬಿಟ್ಟಿದ್ದರು. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು, ತಗಡು ಬಡಿದು ಬಕೆಟ್ಟು ಮಾಡಿ ಬದುಕುವ ಜನರ ಹೆಂಗಸು ಅವಳು. ಊರಿನವರು ಯಾರೂ ಅವಳ ಪಕ್ಕ ಮಲಗಲು ಒಪ್ಪಿರಲಿಲ್ಲ.

ಉಳಿದ ಬಾಣಂತಿಯರಿಗೆ ಬೆಳಿಗ್ಗೆ ಬಿಸಿ ಚಹಾ, ಬೆಣ್ಣೆ ಸವರಿದ ಸುಟ್ಟ ಬ್ರೆಡ್ಡು. ಆಮೇಲೆ ಉಪ್ಪು ಬೆರೆಸಿದ ಬಿಸಿನೀರಿನ ಸ್ನಾನ. ನರ್ಸು ಅವರ ಹೊಟ್ಟೆ ಒತ್ತಿ ನೋಡುತ್ತಿದ್ದಳು, ಕೂಸಿನ ಬಾಯಿಯನ್ನು ಮೊಲೆಗೆ ಹಚ್ಚುವುದು ಹೇಗೆಂದು ತೋರಿಸಿಕೊಡುತ್ತಿದ್ದಳು. ನೋನಿಗೂ ಚಹಾ ಬಂತು, ಆರಿದ ಮೇಲೆ. ಕೂಸು ಬರಲಿಲ್ಲ. ಹುಟ್ಟಿದೊಡನೆ ಅದು ಅತ್ತದ್ದು ಅವಳ ಕಿವಿಗೆ ಬಿದ್ದಿತ್ತು. ಹೆಣ್ಣು ಎಂದು ಯಾರೋ ಅಂದಿದ್ದರು. ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದರು.

"ನನ್ ಕೂಸೆಲ್ಲಿ ಸಿಸ್ಟರಮ್ಮ? ಯಾವಾಗ ತಂದ್ಕೊಡ್ತೀರಿ?"

"ಯಾರೂ ಹೇಳ್ಲಿಲ್ವಾ?" ಹ್ಯಾನ್ಲಿ ಹೊಸ ಶೀಟಿನ ಮೂಲೆ ಮಡಿಚುತ್ತಲೇ ಇದ್ದಳು. "ಅದು ಹೋಯ್ತಲ್ಲ. ಉಸಿರು ಉಳೀಲಿಲ್ಲ. ಹೂತಾಯ್ತು."

"ಹೂತ್ರಾ? ನಾನು ಮೊಕಾನೇ ನೋಡಿಲ್ವಲ್ಲ."

"ನೋಡಿ ಏನ್ ಮಾಡ್ತಿದ್ದೆ? ವರ್ಷಕ್ಕೊಂದು ಉದುರಿಸೋ ಜನ ನೀವು. ಬರೋ ವರ್ಷ ಇನ್ನೊಂದು ಬರ್ತದೆ ಬಿಡು."

ಎದುರು ಸಾಲಿನ ಹೆಂಗಸೊಬ್ಬಳು ತನ್ನ ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು ಗೋಡೆಯ ಕಡೆ ಹೊರಳಿದಳು.

ಮಾರನೆಯ ದಿನ ಹಾಲು ಇಳಿಯಿತು. ವಾರ್ಡಿನಲ್ಲಿ ಯಾವ ಕೂಸು ಅತ್ತರೂ ನೋನಿಯ ಎದೆ ಕಲ್ಲಾಗಿ ಸೋರುತ್ತಿತ್ತು. ನರ್ಸುಗಳು ಅವಳ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿ, "ಹಿಂಡ್ಬೇಡ, ತಾನೇ ಬತ್ತುತ್ತೆ" ಎಂದು ಹೇಳಿ ಹೋದರು. ಅವಳು ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಅಳುತ್ತಾ ಮಲಗಿದಳು.

ತಾಯಂದಿರನ್ನು ಹರಸಲು ಪಾದ್ರಿ ಬಂದ. ಒಂದೊಂದೇ ತೊಟ್ಟಿಲ ಬಳಿ ನಿಂತು, ಕಡೆಗೆ ನೋನಿಯ ಮಂಚದಿಂದ ಮಾರು ದೂರದಲ್ಲಿ ನಿಂತ.

"ದೀಕ್ಷಾಸ್ನಾನದ ನೀರು ಬೀಳದೆ ಸತ್ತ ಕೂಸಮ್ಮ ಅದು. ಅದಕ್ಕೆ ಪೂಜೆ ಇಲ್ಲ, ಚರ್ಚಿನ ಮಣ್ಣೂ ಇಲ್ಲ."

"ಅರ್ಜೆಂಟಿಗೆ ಯಾರು ಬೇಕಾದ್ರೂ ನೀರು ಹಾಕ್ಬೋದು ಅಂತ ನೀವೇ ಹೇಳ್ತೀರಲ್ಲ ಫಾದರ್. ಇಷ್ಟು ಜನ ನರ್ಸಮ್ಮಂದಿರು ಇದ್ರು. ಒಬ್ಬರ ಕೈಗೂ ಒಂದು ಹನಿ ನೀರು ಸಿಗ್ಲಿಲ್ವಾ?"

ಪಾದ್ರಿ ಹ್ಯಾನ್ಲಿಯ ಕಡೆ ನೋಡಿದ. ಅವಳು ಔಷಧಿಯ ತಟ್ಟೆ ಎತ್ತಿಕೊಂಡು ನಡೆದಳು.

"ಎಲ್ಲಿ ಹಾಕವ್ರೆ, ಅದ್ನಾದ್ರೂ ಹೇಳಿ."

"ಆಸ್ಪತ್ರೆ ಲಾಂಡ್ರಿ ಹಿಂದೆ, ಗೋಡೆ ಪಕ್ಕ. ಗುರುತು ಇರಲ್ಲ. ಅಲ್ಲಿಗೆಲ್ಲ ಹೋಗ್ಬೇಡ."

ನೋನಿ ಎದ್ದಳು. ತಲೆ ತಿರುಗಿತು, ಮಂಚದ ಕಂಬಿ ಹಿಡಿದು ನಿಂತು, ಕಂಬಳಿ ಹೊದ್ದು, ಬರಿಗಾಲಲ್ಲೇ ಹೊರಟಳು. ತೊಡೆಯಿಂದ ರಕ್ತ ಇಳಿಯುತ್ತಿತ್ತು. "ಏಯ್, ಎಲ್ಲಿಗೆ?" ಎಂದು ಹ್ಯಾನ್ಲಿ ಕೂಗಿದ್ದಕ್ಕೆ ತಿರುಗಲಿಲ್ಲ.

ಹೊರಗೆ ಗೇಟಿನಾಚೆ ಗಾಡಿಯ ಬಳಿ ಗಂಡ ಮೈಲೋ, ಅತ್ತೆ ಸಬೀನಾ ನಿಂತಿದ್ದರು. ವಾಸನೆ ಎಂದು ಕಾವಲುಗಾರ ಅವರನ್ನು ಒಳಗೆ ಬಿಟ್ಟೇ ಇರಲಿಲ್ಲ.

"ಕೂಸೆಲ್ಲವ್ವ?" ಸಬೀನಾ ಕಂಬಿಯ ಸಂದಿನಿಂದ ಕೇಳಿದಳು.

"ಒಳಗೈತೆ ಅತ್ತೆ, ಮಣ್ಣಾಗೆ. ಮೈಲೋ, ಗಾಡಿ ಒಳಕ್ಕೆ ಹೊಡಿ."

ಮೈಲೋ ಅವಳ ಮುಖ ನೋಡಿದ, ಕಾಲು ನೋಡಿದ. ಗೇಟನ್ನು ಭುಜದಿಂದ ನೂಕಿ ಕುದುರೆಯನ್ನು ನಡೆಸಿದ. ಕಾವಲುಗಾರ ಪಕ್ಕಕ್ಕೆ ಸರಿದ.

ಲಾಂಡ್ರಿಯ ಹಿಂದೆ ಹುಲ್ಲಿನ ನಡುವೆ ಅಲ್ಲಲ್ಲಿ ನೆಲ ಕುಸಿದಿತ್ತು. ಒಂದು ಕಡೆ ಮಾತ್ರ ಮಣ್ಣು ಹಸಿಯಾಗಿತ್ತು, ಮೊಳದುದ್ದ. ನೋನಿ ಅದರ ಪಕ್ಕ ಕುಕ್ಕರಿಸಿದಳು. ಸಬೀನಾ ಮೊಣಕಾಲೂರಿ ಕೂಸಿಗೆ ಹೆಸರಿಟ್ಟಳು: ಡೀಲಿಯಾ.

ಪೊಲೀಸಿನವನು ಹ್ಯಾನ್ಲಿಯ ಜೊತೆ ಬಂದ.

"ಇಲ್ಲಿ ಬಿಡಾರ ಹೂಡಂಗಿಲ್ಲ. ಏಳ್ರೋ, ಮುಂದಕ್ಕೆ ನಡೀರಿ."

"ಹುಟ್ಟಿದಾಗಿಂದ ಇದೇ ಕೇಳ್ತಾ ಇದೀನಿ ಸ್ವಾಮಿ, ಮುಂದಕ್ಕೆ ನಡಿ, ಮುಂದಕ್ಕೆ ನಡಿ ಅಂತ. ನಡೀತೀನಿ." ನೋನಿ ಹಸಿಮಣ್ಣಿನ ಮೇಲೆ ಕೈಯಿಟ್ಟಳು. "ಮೊದ್ಲು ಇವಳನ್ನ ಎಬ್ಬಿಸಿ."

ಪೊಲೀಸಿನವನು ಹ್ಯಾನ್ಲಿಯ ಮುಖ ನೋಡಿದ. ಹ್ಯಾನ್ಲಿ ಗೋಡೆ ನೋಡಿದಳು. ಮೈಲೋ ಕುದುರೆಯನ್ನು ಗಾಡಿಯಿಂದ ಬಿಚ್ಚಿ ಮೇಯಲು ಬಿಟ್ಟ. ಸಬೀನಾ ಕಟ್ಟಿಗೆ ಒಟ್ಟಿ ಕಡ್ಡಿ ಗೀರಿದಳು. ಒದ್ದೆ ಕಟ್ಟಿಗೆ ಹೊಗೆಯಾಡುತ್ತಿತ್ತು, ಇನ್ನೂ ಹೊತ್ತಿಕೊಂಡಿರಲಿಲ್ಲ.