ಎಡೆಗೆ ಬಂದ ಏಲಕ್ಕಿ ಬಾಟಲಿ

ಮಂಜೇಶ್ ಬಾಟಲಿಯನ್ನು ಎಳೆಗೂಸಿನ ಹಾಗೆ ಟವೆಲ್‌ನಲ್ಲಿ ಸುತ್ತಿಕೊಂಡು ಬಂದ. ಹೊಸಿಲು ದಾಟುವ ಮೊದಲೇ "ಯಾರೂ ಮುಟ್ಬೇಡಿ" ಎಂದ. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಅಮ್ಮಯಮ್ಮ ಅಲ್ಲಿಂದಲೇ ಮಗನನ್ನು ನೋಡಿದಳು. ಅಪ್ಪ ಕಾಯಿಲೆ ಬಿದ್ದು ಮಲಗಿದ್ದಾಗ ಒಂದು ಲೋಟ ನೀರನ್ನೂ ಇಷ್ಟು ಜೋಪಾನವಾಗಿ ತಂದವನಲ್ಲ.

"ಅಮ್ಮ, ನೋಡಿಲ್ಲಿ. ಮಲ್ಲಿಕಾ! ಅದೂ ಏಲಕ್ಕಿ!"

ಅಂದು ಮಹಾಲಯ ಅಮಾವಾಸ್ಯೆ. ಗಂಡ ಅಪ್ಪಯ್ಯಣ್ಣ ತೀರಿಕೊಂಡ ಮೇಲೆ ಅವನ ಹೆಸರಿಗೆ ಇಡುತ್ತಿದ್ದ ಮೊದಲ ಎಡೆ. ಸತ್ತವರು ಆಸೆಪಟ್ಟು ತಿಂದದ್ದು ಕುಡಿದದ್ದನ್ನೆಲ್ಲ ಬಾಳೆಲೆಯ ಮೇಲಿಟ್ಟು, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಒಳಗೆ ಅವರು ಉಂಡು ಹೋಗುತ್ತಾರೆ. ಅಮ್ಮಯಮ್ಮ ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ಗಂಡ ಇವತ್ತಾದರೂ ನೆಮ್ಮದಿಯಾಗಿ ಉಣ್ಣಲಿ ಎಂಬುದೊಂದೇ ಅವಳಿಗೆ ಬೇಕಿದ್ದದ್ದು.

ಒಂದು ಕಾಲದಲ್ಲಿ ದೊಡ್ಡಬೆಳವಂಗಲದ ಸುತ್ತ ಯಾವ ಮದುವೆಯೂ ಮಲ್ಲಿಕಾ ಸೋಡಾ ಇಲ್ಲದೆ ಆಗುತ್ತಿರಲಿಲ್ಲ. ಗುಲಾಬಿಯದು ಹೆಂಗಸರು ಮಕ್ಕಳಿಗೆ, ಶುಂಠಿಯದು ಬಾಡೂಟ ಹೆಚ್ಚಾದವರಿಗೆ. ತಿಳಿ ಹಸಿರಿನ ಏಲಕ್ಕಿಯನ್ನು ಮಾತ್ರ ಅಪ್ಪಯ್ಯಣ್ಣ ತನ್ನ ಸ್ವಂತ ಆಸ್ತಿಯಂತೆ ಕಾಣುತ್ತಿದ್ದ. ಕುಡಿದು, ಮೂಗು ಉಜ್ಜಿಕೊಂಡು, "ಮೂಗಿಗೆ ಏರ್ಬೇಕು ಕಣೆ, ಅದು ಸೋಡಾ" ಎನ್ನುತ್ತಿದ್ದ. ಬಾಗಿಲ ಚೌಕಟ್ಟಿಗೆ ಮುಚ್ಚಳ ತೆಗೆಯುವ ಕೊಕ್ಕೆಯೊಂದನ್ನು ಮೊಳೆ ಹೊಡೆದು ಕೂರಿಸಿದವನೂ ಅವನೇ.

ಆಮೇಲೆ ಕಂಪನಿ ಯಜಮಾನನ ಮಕ್ಕಳ ಕೈಗೆ ಬಂತು. ಅವರು ಬಹಳ ಬುದ್ಧಿವಂತರು. ಜನಕ್ಕೆ ರುಚಿಸಿದ್ದನ್ನು ಒಂದೊಂದಾಗಿ ಹುಡುಕಿ ನಿಲ್ಲಿಸಿದರು. ಮೊದಲು ಗುಲಾಬಿ ಹೋಯಿತು, ಆಮೇಲೆ ಶುಂಠಿ, ಕೊನೆಗೆ ಏಲಕ್ಕಿ. ಈಗ ಅದೇ ಹೆಸರಿನಲ್ಲಿ ಪ್ಲಾಸ್ಟಿಕ್ ಬಾಟಲಿಯ ಕಿತ್ತಳೆ ನೀರು ಬರುತ್ತದೆ. ಕುಡಿದರೆ ನಾಲಿಗೆಗೆ ಬಣ್ಣ ಹತ್ತುತ್ತದೆ, ಅಷ್ಟೇ.

ಆದರೂ ಅಮ್ಮಯಮ್ಮನ ಸಿಟ್ಟು ಕಂಪನಿಯ ಮೇಲಿರಲಿಲ್ಲ. ಅಪ್ಪಯ್ಯಣ್ಣ ಹಾಸಿಗೆ ಹಿಡಿದು ಅನ್ನ ಒಲ್ಲೆನೆಂದಾಗ ಕೇಳಿದ್ದು ಒಂದೇ ಒಂದು ಏಲಕ್ಕಿ ಸೋಡಾ. ಎರಡು ಬೀದಿ ಆಚೆ ಮುನಿಕೃಷ್ಣನ ಅಂಗಡಿಯಲ್ಲಿ ಕೊನೆಯ ಕ್ರೇಟು ಇನ್ನೂ ಇತ್ತು. "ನಾಳೆ ತರ್ತೀನಿ" ಎಂದು ಮಂಜೇಶ್ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಕೆಲಸಕ್ಕೆ ಹೋದ. ಮರುದಿನವೂ ಅದೇ ಮಾತು. ಗಂಡನನ್ನು ಒಬ್ಬನೇ ಬಿಟ್ಟು ಹೋಗಲಾಗದ ಅಮ್ಮಯಮ್ಮ ಬೆಲ್ಲದ ನೀರಿಗೆ ಏಲಕ್ಕಿ ಜಜ್ಜಿ ಹಾಕಿ ಕುಡಿಸಿದಳು. ಅವನು ಎರಡು ಗುಟುಕು ಕುಡಿದು, "ಚೆನ್ನಾಗೈತೆ. ಮೂಗಿಗೆ ಏರ್ಲಿಲ್ಲ" ಎಂದು ಮಗ್ಗುಲಾದ. ನಾಳೆ ಬರುವಷ್ಟರಲ್ಲಿ ಕ್ರೇಟೂ ಹೋಗಿತ್ತು, ಅವನೂ ಹೋಗಿದ್ದ.

ಈಗ ಮಂಜೇಶ್ ದೇವನಹಳ್ಳಿಯವರೆಗೆ ಹೋಗಿ ಬಂದಿದ್ದಾನೆ!

"ಏರ್‌ಪೋರ್ಟ್ ರೋಡಲ್ಲಿ ಹೊಸ ಹೋಟೆಲ್ ಆಗೈತಲ್ಲ, ಅಲ್ಲಿ ಗಾಜಿನ ಕಪಾಟಲ್ಲಿ ಇಟ್ಟಿದ್ರು. ಹಳೇ ರೇಡಿಯೋ, ಲಾಟೀನು, ಅದ್ರ ಪಕ್ಕ ಇದು. ಮ್ಯಾನೇಜರ್ ರವಿಚಂದ್ರ ನಮ್ ಹುಡುಗ" ಎನ್ನುತ್ತ ಅವನು ಬಾಟಲಿಯ ಹೆಸರು ಮುಂದೆ ಕಾಣುವಂತೆ ಎಡೆಯ ಮೇಲಿಟ್ಟು, ಮೊಬೈಲ್ ತೆಗೆದ. ಅಪ್ಪನ ಫೋಟೋ ಅರ್ಧ ಮರೆಯಾಯಿತು.

"ಮುಚ್ಚಳ ತೆಗಿ" ಎಂದಳು ಅಮ್ಮಯಮ್ಮ.

"ಅಯ್ಯೋ ತೆಗಿಯಂಗಿಲ್ಲಮ್ಮ! ಸಾಯಂಕಾಲ ವಾಪಸ್ ಕೊಡ್ಬೇಕು. ಹಂಗೇ ಇಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ಅಮ್ಮಯಮ್ಮ ಕೈ ಒರೆಸಿಕೊಂಡು ಎಡೆಯ ಹತ್ತಿರ ಬಂದಳು. ಬಾಳೆಹಣ್ಣಿನ ಸಿಪ್ಪೆ ತುದಿಯಲ್ಲಿ ಸುಲಿದಿತ್ತು. ಕಾಯಿ ಒಡೆದಿತ್ತು. ಬೀಡಿಯನ್ನೂ ಹಚ್ಚಿಟ್ಟಿದ್ದಳು, ಅದರ ಹೊಗೆ ಫೋಟೋದ ಮುಂದೆ ಸುತ್ತುತ್ತಿತ್ತು. ಆ ಮನೆಯಲ್ಲಿ ಎಂದೂ ಯಾರೂ ಮುಚ್ಚಿದ್ದನ್ನು ಎಡೆಗೆ ಇಟ್ಟವರಲ್ಲ. ಸತ್ತವರಿಗೆ ಬಿಚ್ಚಿಕೊಳ್ಳಲು ಕೈ ಎಲ್ಲಿರುತ್ತದೆ?

"ಲೋ ಮಂಜ, ಬದುಕಿದ್ದಾಗ ನಾಳೆ ನಾಳೆ ಅಂತ ಕಾಯ್ಸಿದೆ. ಈಗ ಮುಂದೆ ಇಟ್ಟು ಕುಡೀಬೇಡ ಅಂತೀಯ?"

"ಬರೀ ನೋಡೋಕೆ ಇರ್ಲಿ ಬಿಡಮ್ಮ. ಸ್ಟೇಟಸ್‌ಗೆ ಹಾಕಿದ್ರೆ ಎಲ್ರೂ..."

"ಯಾರಿಗಪ್ಪಾ ಎಡೆ? ನಿಮ್ಮಪ್ಪಂಗೋ, ನಿನ್ ಮೊಬೈಲಿಗೋ?"

ಬಾಗಿಲಲ್ಲಿ ನಿಂತಿದ್ದ ಸೊಸೆ ಬಿಂದುಶ್ರೀ ಸೆರಗು ಬಾಯಿಗೆ ಅಡ್ಡ ಹಿಡಿದು ನಗು ತಡೆದಳು. ಮಂಜೇಶ್ ಕೈ ಚಾಚುವಷ್ಟರಲ್ಲಿ ಅಮ್ಮಯಮ್ಮ ಬಾಟಲಿ ಎತ್ತಿಕೊಂಡು ಹೋಗಿ, ಚೌಕಟ್ಟಿನ ಕೊಕ್ಕೆಗೆ ಸಿಕ್ಕಿಸಿ ಒಂದೇ ಏಟಿಗೆ ಎಳೆದಳು. ಮುಚ್ಚಳ ನೆಲದ ಮೇಲೆ ಉರುಳಿತು.

ಟುಸ್ ಎನ್ನಲಿಲ್ಲ. ಒಂದು ಗುಳ್ಳೆಯೂ ಏಳಲಿಲ್ಲ. ಅವಳು ಮೂಗಿನ ಹತ್ತಿರ ಹಿಡಿದು ನೋಡಿದಳು, ಅಂಗೈಗೆ ಸುರಿದು ನೋಡಿದಳು.

"ನೀರು ಕಣೋ. ಹಸಿರು ಬಣ್ಣ ಕಲ್ಸಿರೋ ನೀರು."

ಮಂಜೇಶ್ ತಾನೂ ಮೂಸಿದ. ಅವನ ಮುಖ ಆ ನೀರಿಗಿಂತ ಸಪ್ಪೆಯಾಯಿತು. "ಖಾಲಿ ಬಾಟ್ಲಿಗೆ ತುಂಬಿ ಮುಚ್ಚಳ ಒತ್ತಿಬಿಟ್ಟವ್ರೆ ನನ್ಮಕ್ಳು" ಎಂದ.

"ಅವ್ರನ್ಯಾಕೆ ಬೈತೀಯ? ಅವ್ರು ಕಪಾಟಿಗೆ ಇಟ್ಟಿದ್ರು. ಎಡೆಗೆ ತಂದೋನು ನೀನು."

ಅಮ್ಮಯಮ್ಮ ಬಾಟಲಿಯನ್ನು ಬಚ್ಚಲಿನ ಕಡೆ ಸರಿಸಿ, ಬೆಲ್ಲ ಕರಗಿಸಲು ಕೂತಳು. ಕುಟ್ಟಾಣಿಯಲ್ಲಿ ಏಲಕ್ಕಿ ಜಜ್ಜುವ ಸದ್ದು ಕೇಳಿದ ಕೂಡಲೇ ಬಿಂದುಶ್ರೀ ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೆಲ್ಲ ಪೂರ್ತಿ ಕರಗುವ ಮುಂಚೆಯೇ ಮುನಿಕೃಷ್ಣನ ಅಂಗಡಿಯಿಂದ ಸಾದಾ ಸೋಡಾ ಹಿಡಿದು ತಿರುಗಿ ಬಂದಳು. "ತಗೊಳ್ಳಿ ಅತ್ತೆ. ಮಾವನಿಗೆ ಮೂಗಿಗೆ ಏರ್ಬೇಕಲ್ಲ?"

ಅಪ್ಪಯ್ಯಣ್ಣನ ಸ್ಟೀಲ್ ಲೋಟದಲ್ಲಿ ಬೆಲ್ಲದ ನೀರಿಗೆ ಸೋಡಾ ಬಿದ್ದು ಬುಸ್ಸೆಂದು ನೊರೆ ಎದ್ದಿತು. ಅಮ್ಮಯಮ್ಮನ ಮೂಗಿಗೇ ಏರಿ ಕಣ್ಣು ಒದ್ದೆಯಾಯಿತು. ಲೋಟವನ್ನು ಫೋಟೋದ ಎದುರಿಗಿಟ್ಟು, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿದಳು.

ಜಗಲಿಯ ಮೇಲೆ ಮಂಜೇಶ್ ಸೊಟ್ಟಗಾದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಈಗ ರವಿಚಂದ್ರಂಗೆ ಏನಂತ ಹೇಳ್ಲಮ್ಮ?"

"ಚೆಲ್ಲಿದಷ್ಟು ನಲ್ಲಿ ನೀರು ತುಂಬ್ಸಿ ಮುಚ್ಚಿಕೊಡು" ಎಂದಳು ಅಮ್ಮಯಮ್ಮ, ಅವನ ಕಡೆ ತಿರುಗದೆ. "ಅಲ್ಲಿಗೆ ಬರೋರೂ ನಿನ್ನಂಗೇ. ಯಾರು ತೆಗೆದು ನೋಡ್ತಾರೆ?"