ಚೀಲದ ಮೇಲಿನ ಪಾಸ್‌ವರ್ಡ್

ಪಕ್ಕದ ದೊಡ್ಡಪ್ಪನ ಮನೆಯೊಳಗೆ ನನ್ನ ದನಿ ಹಾಡುತ್ತಿತ್ತು. ನಾನಾದರೋ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

ಕೈಯಲ್ಲಿದ್ದ ಟವೆಲ್ಲು ಬಕೆಟ್ಟಿಗೆ ಜಾರಿತು. ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದಂತೆ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟ ಹಾಡು ಅದು. ಮದುವೆಮನೆಯಲ್ಲಿ ಸೋಬಾನೆಗೂ ಬಾಯಿ ತೆರೆಯದವಳು ನಾನು.

ದೊಡ್ಡಪ್ಪನ ಮಗ ಚಿತ್ತೇಶಣ್ಣ ಬೇಲಿಯಾಚೆಯಿಂದ ಇಣುಕಿದ.

"ಕೋಮಲಾ, ಎರಡನೇ ಚರಣದಾಗೆ ಕೆಮ್ಮಿದ್ದೀಯಲ್ಲ, ಒಸಿ ಕಷಾಯ ಕುಡಿಬಾರ್ದಾ?"

"ನಿಂಗೆಲ್ಲಿ ಸಿಕ್ತಣ್ಣ ಅದು?"

"ನಿಮ್ಮ ಕಂಪ್ಯೂಟ್ರೇ ಕೊಡ್ತು. ನಾನೇನು ಹೆಂಚು ತೆಗೆದು ಇಳಿಲಿಲ್ಲ ಕಣಮ್ಮ."

ಎರಡೂ ಮನೆಗೆ ಒಂದೇ ವೈಫೈ. ಅಕ್ಕನ ಮದುವೆ ಫೋಟೊ ಅವರೂ ನೋಡಲೆಂದು ಶೇರ್ ಮಾಡುವಾಗ, ಒಂದು ಫೋಲ್ಡರಿನ ಬದಲು ಇಡೀ ಡ್ರೈವನ್ನೇ ತೆರೆದಿಟ್ಟಿದ್ದೆ.

"ಪಾಸ್‌ವರ್ಡ್ ಇತ್ತಲ್ಲ?"

"ಇತ್ತು ಬುಡು. ಯತ್ತಪ್ಪ ತಾತನ ಕಾಲದ ಗುರುತು. ನಮ್ಮ ಕೊಬ್ಬರಿ ಚೀಲದ ಮ್ಯಾಲೆಲ್ಲ ಕೆಂಪು ಬಣ್ಣದಾಗೆ ಬರ್ದೈತೆ. ತಿಪಟೂರು ಮಾರ್ಕೆಟ್ಟಿನ ಹಮಾಲರಿಗೂ ಗೊತ್ತು ನಿನ್ನ ಪಾಸ್‌ವರ್ಡು."

ಮುಖ ಬಿಸಿಯಾಯಿತು. ಒಳಗೆ ಹೋಗಿ ಡ್ರೈವಿನ ಶೇರಿಂಗ್ ತೆಗೆದೆ. ದೂರದಿಂದ ಒಳಬರಲು ಬಿಡುವ ಆಯ್ಕೆಗಳನ್ನೆಲ್ಲ ಹುಡುಕಿ ಮುಚ್ಚಿದೆ. ಉದ್ದದ ಹೊಸ ಪಾಸ್‌ವರ್ಡ್ ಇಟ್ಟೆ. ಚೀಲ, ತೋಟ, ಹಸು ಯಾವುದರ ಸುಳಿವೂ ಇಲ್ಲದ್ದು. ಪಕ್ಕದ ಮನೆಯ ಹಾಡು ಅರ್ಧಕ್ಕೇ ನಿಂತಿತು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮಾರನೇ ಮಧ್ಯಾಹ್ನ ಮಜ್ಜಿಗೆ ಕೊಡಲು ದೊಡ್ಡಪ್ಪನ ಮನೆಗೆ ಹೋದರೆ, ಅಲ್ಲೇ ಇರುವ ಜುಂಜಮ್ಮಜ್ಜಿ ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಾ ಮುಖ ಊದಿಸಿಕೊಂಡಿದ್ದಳು.

"ಹಾಡು ನಿಂತೋಯ್ತು ಕಣವ್ವ. ಕೆಟ್ಟೋಗೈತೆ ಅಂತಾನೆ ಇವ್ನು. ದಿನಾ ಕೇಳ್ತಿದ್ದೆ."

"ಯಾರ ಹಾಡಜ್ಜಿ?"

"ಯಾವಳೋ ಹುಡುಗಿ. ನಡುವೆ ಕೆಮ್ತಾಳೆ, ಆದ್ರೂ ಚೆಂದಾಗಿ ಹಾಡ್ತಾಳೆ. ನೀನೂ ಹಂಗೆ ಬಾಯಿ ಬುಡಬಾರ್ದಾ?"

ಚಿತ್ತೇಶಣ್ಣ ಛಾವಣಿ ನೋಡುತ್ತಾ ಮೀಸೆಯಲ್ಲೇ ನಗುತ್ತಿದ್ದ. ಅವನು ಹಾಡನ್ನು ತನ್ನ ಕಡೆಗೆ ಇಳಿಸಿಕೊಂಡಿರಲಿಲ್ಲ. ನನ್ನ ಹೆಸರನ್ನೂ ಹೇಳಿರಲಿಲ್ಲ.

ಮನೆಗೆ ಬಂದು ಕಂಪ್ಯೂಟರ್ ಹಾಕಿದೆ. ಆಮೇಲೆ ಹೊಸದೊಂದು ಫೋಲ್ಡರ್ ಮಾಡಿ, ಆ ಹಾಡೊಂದನ್ನೇ ಅದರಲ್ಲಿಟ್ಟು, ಚಿತ್ತೇಶಣ್ಣನಿಗೆ ಮಾತ್ರ ತೆರೆದೆ. ಕೇಳಬಹುದು, ತಿದ್ದುವಂತಿಲ್ಲ, ಅಳಿಸುವಂತಿಲ್ಲ.

ಸಂಜೆ ಬೇಲಿಯಾಚೆ ಹಾಡು ಶುರುವಾಯಿತು. ಎರಡನೇ ಚರಣ ಬಂತು.

"ಈ ಹುಡುಗಿಗೆ ಇನ್ನೂ ಕೆಮ್ಮು ವಾಸಿಯಾಗಿಲ್ವೇನ್ಲಾ?" ಎಂದಳು ಅಜ್ಜಿ.

"ಅದು ನಮ್ಮ ಕೈಲಿಲ್ಲ ಅಜ್ಜಿ," ಎಂದ ಚಿತ್ತೇಶಣ್ಣ, ನನಗೆ ಕೇಳಿಸುವಷ್ಟು ಜೋರಾಗಿ. "ನಮಗೆ ಕೇಳಕ್ಕೆ ಮಾತ್ರ ಪರ್ಮಿಷನ್ನು."