ಮುತ್ತಜ್ಜಿಗೆ ಎರಡು ಲಕೋಟೆ

ಹಡಗು ಬಡಿದೋ, ಮೀನುಗಾರರ ಹಗ್ಗ ಸುತ್ತಿಕೊಂಡೋ ಗಾಯಗೊಂಡ ತಿಮಿಂಗಿಲಗಳ ಫೋಟೋ ನೋಡಿ, ಉಳಿಯುತ್ತದೋ ಸಾಯುತ್ತದೋ ಎಂದು ಅಂದಾಜು ಬರೆಯುವುದು ಆ ಗಂಡ ಹೆಂಡತಿಯ ಕೆಲಸ. ಕುಲವೇ ಅಳಿಯುತ್ತಿರುವ ಪ್ರಾಣಿ, ಲೆಕ್ಕ ತಪ್ಪಬಾರದು. ಅದಕ್ಕೇ ಕಚೇರಿಯ ನಿಯಮ: ಇಬ್ಬರೂ ಬೇರೆಬೇರೆ ಬರೆದು ಲಕೋಟೆ ಅಂಟಿಸುವ ತನಕ ಆ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ನಿಯಮ ಮಾಡಿದ ಪುಣ್ಯಾತ್ಮನಿಗೆ ಈ ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುವವರು ಎಂದು ಯಾರೂ ಹೇಳಿರಲಿಲ್ಲ.

ಕಚೇರಿಯಲ್ಲಿ ಅವನ ಅಡ್ಡಹೆಸರು ಕಲ್ಲೆದೆ, ಅವಳದು ಅಳುಮುಂಜಿ. ಅವನು ‘ಸಾವು’ ಎಂದು ಬರೆದು, ಏನೂ ಆಗದವನ ಹಾಗೆ ಚಹಾಕ್ಕೆ ಏಳುತ್ತಿದ್ದ.

ಆ ಸೋಮವಾರ ಬಂದದ್ದು ಮುತ್ತಜ್ಜಿಯ ಫೋಟೋ. ಬಾಲದಲ್ಲಿ ಕಚ್ಚು ಬಿದ್ದಿದ್ದ ಈ ಮುದಿ ತಿಮಿಂಗಿಲದ ಫೋಟೋ ಮೇಲೆ ಜಗಳವಾಡಿಯೇ ಇಬ್ಬರಿಗೂ ಮೊದಲು ಪರಿಚಯವಾಗಿದ್ದು. ಈಗ ಮುತ್ತಜ್ಜಿಯ ಬಾಯಿಗೆ ಹಗ್ಗ, ಪಕ್ಕದಲ್ಲಿ ಮರಿ. ಇನ್ನೊಂದು ಸಾವು ಲೆಕ್ಕಕ್ಕೆ ಸೇರಿದರೆ ಅವಳಿರುವ ಕೊಲ್ಲಿಯಿಂದ ಮೀನುಗಾರರ ಹಗ್ಗಗಳನ್ನೆಲ್ಲ ಸರ್ಕಾರದವರು ಎತ್ತಿಸುತ್ತಾರೆ. ಸೇರದಿದ್ದರೆ ಹಗ್ಗವೂ ಅಲ್ಲೇ, ಮರಿಯೂ ಅಲ್ಲೇ.

ಮನೆಯಲ್ಲಿ ಮೂರು ದಿನ ಮೌನ. ಅಡುಗೆಗೆ ಎರಡೆರಡು ಸಲ ಉಪ್ಪು ಬಿತ್ತು. ಇವಳ ಕೈಯಲ್ಲಿ ಮುತ್ತಜ್ಜಿಯ ಸಾವು ಬರೆಯಲು ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ಏನಾದ್ರೂ ಹೇಳ್ಬೇಕಾ?" ಎಂದ.

"ಲಕೋಟೆ ಅಂಟಿಸಿ ಆಯ್ತಾ?"

"ಇನ್ನೂ ಇಲ್ಲ."

"ಹಾಗಾದ್ರೆ ಸುಮ್ನೆ ಊಟ ಮಾಡಿ."

ಗುರುವಾರ ಸಾಹೇಬರು ಲಕೋಟೆ ಒಡೆದರು. ಅವಳದರಲ್ಲಿ ‘ಸಾವು’. ಅವನದರಲ್ಲಿ ‘ಉಳಿಯುತ್ತಾಳೆ’. ಅದಲುಬದಲಾಯಿತೇನೋ ಎಂದು ಸಾಹೇಬರು ಲಕೋಟೆ ತಿರುಗಿಸಿ ಹೆಸರು ನೋಡಿದರು. "ಇಬ್ರೂ ಕೂತು ಒಂದು ತೀರ್ಮಾನಕ್ಕೆ ಬನ್ನಿ" ಎಂದು ಮೆಲ್ಲಗೆ ಜಾರಿಕೊಂಡರು. ಗಂಡ ಹೆಂಡಿರ ನಡುವೆ ಬಾಯಿ ಹಾಕುವಷ್ಟು ದಡ್ಡರಲ್ಲ ಅವರು.

"ಹಗ್ಗ ದವಡೆ ಮೂಳೆವರೆಗೂ ಇಳಿದಿದೆ. ಬಾಯಿ ತೆರೆಯೋಕೇ ಆಗ್ತಿಲ್ಲ ಅವಳಿಗೆ. ನಿಮ್ಗೆ ಕಾಣ್ಲಿಲ್ವಾ?" ಎಂದಳು ಹೆಂಡತಿ.

"ಕಾಣ್ತು. ನೀನು ಅಳ್ತೀಯಲ್ಲ ಅಂತ..."

"ನನಗೋಸ್ಕರ ಬರೆದ್ರಾ?" ಅವಳಿಗೆ ನಿಜಕ್ಕೂ ಸಿಟ್ಟು ಬಂತು. "ಅತ್ತಿದ್ದು ನಿಜ ರೀ. ಅತ್ತು, ಮುಖ ತೊಳ್ಕೊಂಡು, ಆಮೇಲೆ ಬರ್ದೆ." ಪೆನ್ನನ್ನು ಅವನ ಮುಂದೆ ತಳ್ಳಿದಳು. "ಈಗ ಅವಳಿಗೋಸ್ಕರ ಬರೀರಿ."

ಬರೆಯಬೇಕಾಗಿದ್ದು ಎರಡೇ ಅಕ್ಷರ. ಕಲ್ಲೆದೆಯ ಕಣ್ಣಿನ ಹನಿ ಬಿದ್ದು, ಮಸಿ ಹರಡಿ ಮೂರು ಹಾಳೆ ಕೆಟ್ಟವು. ಅಳುಮುಂಜಿ ಪಕ್ಕದಲ್ಲಿ ನಿಂತು ಒಂದೊಂದೇ ಹೊಸ ಹಾಳೆ ಕೊಡುತ್ತಿದ್ದಳು.